ಪರದೆಯ ಮೂಲೆ

ನೀಲಿ ಬಳೆ ಎರಡು ಸುತ್ತು ತಿರುಗಿ ಮಾಯವಾಯಿತು. ಆಸ್ಮಾ ಕಂಪ್ಯೂಟರಿನ ಪರದೆಯನ್ನೇ ನೋಡುತ್ತ ಹತ್ತು ಎಣಿಸಿದಳು, ಇಪ್ಪತ್ತು ಎಣಿಸಿದಳು. ಏನೂ ಬರಲಿಲ್ಲ. ಕೆಂಪು ಗುರುತಿಲ್ಲ, ಎಚ್ಚರಿಕೆಯಿಲ್ಲ, ಆಗುವುದಿಲ್ಲ ಎಂಬ ಒಂದು ಮಾತೂ ಇಲ್ಲ. ಮೌಸಿನ ಪಕ್ಕದಲ್ಲಿದ್ದ ನೋಟುಬುಕ್ಕಿನಲ್ಲಿ ಹದಿನಾಲ್ಕು ಎಂದು ಬರೆದು ಅದರ ಮುಂದೆ 'ಹಿಂದಿನಂತೆಯೇ' ಎಂದು ಸೇರಿಸಿದಳು.

"ಮತ್ತೆ ಹಂಗೇನಾ?" ಗಲ್ಲಾಪೆಟ್ಟಿಗೆಯ ಹಿಂದಿನಿಂದ ಮಾವ ಖಲಂದರ್ ಸಾಬರು ಕೇಳಿದರು.

"ಹಂಗೇ ಅಬ್ಬಾ."

"ಬೇಡ ಅಂತೈತೆ ಬಿಡು ಬೇಟಾ. ಬೇಡ ಅನ್ನೋರ ಬಾಗ್ಲು ಎಷ್ಟು ಸಲ ಬಡೀತಿ?"

"ಬೇಡ ಅಂತಾನೂ ಅಂತಿಲ್ಲ ಅಬ್ಬಾ. ಅಂದಿದ್ರೆ ಯಾಕೆ ಅಂತ ಕೇಳಬೋದಿತ್ತು."

ಹೊನ್ನಾಳಿ ಬಸ್ ನಿಲ್ದಾಣದ ಹಿಂದಿನ ರಸ್ತೆಯಲ್ಲಿ ನೂರಾನಿ ಪ್ರಿಂಟರ್ಸ್ ಎಂದರೆ ಲಗ್ನಪತ್ರಿಕೆ. ಗೋವಿನಕೋವಿಯಿಂದ ಹಿಡಿದು ಆ ಕಡೆ ನಲ್ಲೂರಿನವರೆಗೆ ಎರಡು ತಲೆಮಾರಿನ ಮದುವೆಗಳು ಇಲ್ಲಿ ಅಚ್ಚಾಗಿದ್ದವು. ಈಚೆಗೆ ಮಾತ್ರ ಬಂದವರು ಮೊಬೈಲಿನಲ್ಲಿ ಒಂದು ಚಿತ್ರ ತೋರಿಸಿ, "ಹಿಂಗೆ ಜಾಲರಿ ಥರ ಕತ್ತರಿಸಿದ್ದು ಐತೇನ್ರಿ?" ಎಂದು ಕೇಳುವುದು, ಇಲ್ಲವೆಂದರೆ ದಾವಣಗೆರೆ ಬಸ್ಸು ಹತ್ತುವುದು ಶುರುವಾಗಿತ್ತು. ಬಿಸಿಎ ಓದಿ ಈ ಮನೆಗೆ ಸೊಸೆಯಾಗಿ ಬಂದ ಆಸ್ಮಾ ಮಧ್ಯಾಹ್ನದ ಊಟ ತಂದುಕೊಡುವ ನೆಪದಲ್ಲಿ ಅದನ್ನು ಗಮನಿಸಿದ್ದಳು. ನಾಲ್ಕು ತಿಂಗಳು ಒಂದೊಂದೇ ಮಾತು ತೂಗಿ ಆಡಿ, ಕಾಗದ ಕತ್ತರಿಸುವ ಯಂತ್ರವೊಂದನ್ನು ತರಿಸಲು ಮಾವನನ್ನು ಒಪ್ಪಿಸಿದ್ದಳು. ತಾನೂ ತಿಂಗಳಿಂದ ಅಂಗಡಿಗೆ ಬಂದು ಕೂರುತ್ತಿದ್ದಳು. ಯಂತ್ರ ಬಂತು. ಅದನ್ನು ನಡೆಸುವ ಸಾಫ್ಟ್‌ವೇರ್ ಮಾತ್ರ ಕಂಪ್ಯೂಟರಿನೊಳಗೆ ಇಳಿಯಲು ಒಲ್ಲೆನೆನ್ನುತ್ತಿತ್ತು.

ಒಗ್ಗದಿದ್ದರೆ ಏಳು ದಿನದೊಳಗೆ ಹಿಂದಕ್ಕೆ ಕಳಿಸಿ ಎಂದಿದ್ದರು ಮಾರಿದವರು. ಇವತ್ತು ಏಳನೆಯ ದಿನ. ಮೂರು ಗಂಟೆಗೆ ಖಲೀಲನ ಲಗೇಜ್ ಆಟೋ ಬಂದು ಯಂತ್ರವನ್ನು ಹೇರಿಕೊಂಡು ಹೋಗುವುದಿತ್ತು. ಅದರ ಜೊತೆಗೆ ಇನ್ನೊಂದೂ ಹೋಗುವುದಿತ್ತು. "ಇದು ನಡೆದ್ರೆ ಆ ಕುರ್ಚಿ ನಿಂದು ಬೇಟಾ. ನಡೀಲಿಲ್ಲ ಅಂದ್ರೆ ಅಂಗಡಿ ನಾನೂ ಜಂಪಣ್ಣನೂ ನೋಡ್ಕಂತೀವಿ, ನೀನು ಮನೆ ನೋಡ್ಕ" ಎಂದು ಖಲಂದರ್ ಸಾಬರು ಮೊದಲ ದಿನವೇ ಮೆತ್ತಗೆ ಹೇಳಿಬಿಟ್ಟಿದ್ದರು. ಗದರಿದ್ದರೆ ಅವಳಿಗೆ ಇಷ್ಟು ಭಯವಾಗುತ್ತಿರಲಿಲ್ಲ. ಗದರಿದ ಮಾತು ಮಾರನೆಯ ದಿನ ಬದಲಾಗಬಹುದು. ಮೆತ್ತಗೆ ಆಡಿದ ಮಾತು ಬದಲಾಗುವುದಿಲ್ಲ.

ಗೋಡೆಯ ಬದಿಯ ಮೇಜಿನಲ್ಲಿ ಜಂಪಣ್ಣ ಕಾರ್ಡು ಮಡಿಸುತ್ತಿದ್ದರು. ಅರವತ್ತರ ಹತ್ತಿರದ ವಯಸ್ಸು. ಇಪ್ಪತ್ತೆರಡು ವರ್ಷ ಅಚ್ಚಿನ ಮೊಳೆ ಜೋಡಿಸಿದ ಬೆರಳುಗಳು, ಆಮೇಲೆ ಹನ್ನೊಂದು ವರ್ಷದಿಂದ ಕೀಲಿಮಣೆಯ ಮೇಲೆ. ಗೋವಿನಕೋವಿಯಿಂದ ಮೊದಲ ಬಸ್ಸಿಗೆ ಬಂದು ಷಟರ್ ಎತ್ತುವವರೂ ಅವರೇ, ಕಂಪ್ಯೂಟರ್ ಹಚ್ಚುವವರೂ ಅವರೇ. ಅವರೆದುರಿಗೆ ಉರ್ದು ಆಡಕೂಡದು ಎಂಬುದು ಖಲಂದರ್ ಸಾಬರು ತಾವೇ ಮಾಡಿಕೊಂಡ ಕಾಯಿದೆ.

"ಹಳೇ ಎತ್ತಿಗೆ ಹೊಸ ನೊಗ ಕಟ್ಟಾಕೆ ಹೋಗಬಾರ್ದು ತಾಯಿ" ಎಂದರು ಜಂಪಣ್ಣ, ಮಡಿಸುವುದನ್ನು ನಿಲ್ಲಿಸದೆ. "ಉಬ್ರಾಣಿ ಊರೋರ ಲಗ್ನದ ಕಾರ್ಡು ನಾಕು ಸಾಲು ಉಳ್ದೈತೆ. ಸಂಜೀಗೆ ಬರ್ತಾರೆ. ಎದ್ದೇಳು, ಮುಗಿಸಿಬಿಡ್ತೀನಿ."

"ಇನ್ನೊಂದು ಅರ್ಧ ಗಂಟೆ ಜಂಪಣ್ಣಾರೆ."

ಈ ಏಳು ದಿನದಲ್ಲಿ ಅವಳು ಮಾಡದೆ ಬಿಟ್ಟದ್ದಿರಲಿಲ್ಲ. ಪೆನ್‌ಡ್ರೈವ್ ಬದಲಿಸಿದ್ದಳು. ವೈರಸ್ ಕಾಯುವ ತಂತ್ರಾಂಶವನ್ನು ತೆಗೆದು ನೋಡಿದ್ದಳು. ಹಳೆಯ ಫೈಲುಗಳನ್ನು ಅಳಿಸಿ ಜಾಗ ಮಾಡಿದ್ದಳು. ಒಂದೊಂದನ್ನೂ ನೋಟುಬುಕ್ಕಿನಲ್ಲಿ ಬರೆದು, ಒಂದು ಸಲಕ್ಕೆ ಒಂದೇ ಸಂಗತಿ ಬದಲಿಸಿದ್ದಳು. ಮಾರಿದವರಿಗೆ ಫೋನು ಮಾಡಿದರೆ, "ಬೇರೆಯವರಿಗೆಲ್ಲ ಆಗೈತೆ ಮೇಡಂ" ಎನ್ನುವುದೊಂದೇ ಉತ್ತರ. ಕಂಪ್ಯೂಟರಿಗೆ ಇಂಟರ್‌ನೆಟ್ ಇರಲಿಲ್ಲ. ವೈರಸ್ ಬರುತ್ತದೆಂದು ಜಂಪಣ್ಣ ಹತ್ತಿರವೇ ಬಿಟ್ಟುಕೊಂಡಿರಲಿಲ್ಲ.

ಅವಳು ಸೆರಗಿನ ಅಂಚಿನಿಂದ ಪರದೆಯ ಧೂಳು ಒರೆಸಿದಳು. ಕೆಳಗೆ ಬಲಮೂಲೆಯಲ್ಲಿ, ಗಾಜಿನ ಮೇಲೇ, ಹಸಿರು ಸ್ಟಿಕರೊಂದು ಅಂಟಿತ್ತು. ಅದರಲ್ಲಿ ಚಿನ್ನದ ಬಣ್ಣದ 786, ಬಿಸ್ಮಿಲ್ಲಾದ ಅಂಕೆ. ಅದರ ಸುತ್ತ ಮಾತ್ರ ಮೆಲ್ಲಗೆ ಒರೆಸಿದಳು. ಖಲಂದರ್ ಸಾಬರಿಗೆ ಅದು ಹೆಮ್ಮೆಯ ವಸ್ತು. ಬಂದ ಗಿರಾಕಿಗಳಿಗೆಲ್ಲ ತೋರಿಸುತ್ತಿದ್ದರು: "ಇದನ್ನ ಅಂಟಿಸಿದ್ದು ನಾನಲ್ಲ ರೀ, ನಮ್ಮ ಜಂಪಣ್ಣ. ಅವನೇ ಸಂತೆಯಿಂದ ತಂದು ಅಂಟಿಸಿದ್ದು!" ಮಸೀದಿಯಲ್ಲಿ ಕೂಡ ಈ ಕಥೆ ಕೇಳದವರಿರಲಿಲ್ಲ.

ಆಸ್ಮಾ ಫೋನು ತೆಗೆದು ಹೊರಗೆ ಮೆಟ್ಟಿಲ ಮೇಲೆ ನಿಂತಳು. ಜೊತೆಯಲ್ಲಿ ಓದಿದ ವನಜಾಕ್ಷಿ ಈಗ ಜಗಳೂರಿನ ಶಾಲೆಯೊಂದರಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದಳು. ಕೇಳಿದರೆ ಆಡಿಕೊಂಡಾಳೆಂದು ಆರು ದಿನ ಕೇಳಿರಲಿಲ್ಲ.

"ಲೇ ಆಸ್ಮಾ, ಹದಿನಾಕು ಸಲನಾ? ನಿನ್ನ ತಾಳ್ಮೆಗೆ ಒಂದು ಶಾಲು ಹೊದಿಸ್ಬೇಕು ಕಣೆ" ಎಂದು ವನಜಾಕ್ಷಿ ಆಡಿಕೊಂಡೇಬಿಟ್ಟಳು. ಆಮೇಲೆ ದನಿ ಇಳಿಸಿ, "ನೋಡು, ಅದು ಬಾಯಿ ಬಿಡಲ್ಲ. ಆದ್ರೆ ಎಲ್ಲೋ ಒಂದು ಕಡೆ ಬರ್ದಿಟ್ಟಿರ್ತೈತೆ. ಟೆಂಪ್ ಅಂತ ಒಂದು ಫೋಲ್ಡರ್ ಇರ್ತೈತಲ್ಲ, ಅದ್ರಾಗೆ ಹುಡುಕು. ಪೂರಾ ಓದು, ಕೊನೇ ಸಾಲು ಬಿಡಬ್ಯಾಡ" ಎಂದಳು.

ಬರೆದಿಡುವವರನ್ನು ಆಸ್ಮಾ ನಂಬುತ್ತಿದ್ದಳು. ಒಳಗೆ ಬಂದು ಹುಡುಕಿದಳು. ಅಂಥದೊಂದು ಫೈಲು ಸಿಕ್ಕಿತು, ಆದರೆ ಅದರ ಪಕ್ಕದಲ್ಲಿ 6-3-2014 ಎಂಬ ತಾರೀಕು. ಯಾವುದೋ ಹಳೆಯದು ಎಂದು ಮುಚ್ಚಲು ಹೋದವಳು ನಿಂತಳು. ತಾರೀಕಿನ ಮುಂದೆ ಗಂಟೆ ಇತ್ತು: 12:52. ತಲೆ ಎತ್ತಿದಳು. ಗೋಡೆಯ ಗಡಿಯಾರದಲ್ಲಿ ಒಂದಕ್ಕೆ ಮೂರು ನಿಮಿಷ. ಹದಿನಾಲ್ಕನೆಯ ಸಲ ಒತ್ತಿ ಐದೇ ನಿಮಿಷವಾಗಿತ್ತು.

ಇನ್ನೊಮ್ಮೆ ಒತ್ತಿದಳು. ಬಳೆ ತಿರುಗಿ ಮಾಯವಾಯಿತು. ಫೈಲಿನ ಗಂಟೆ 12:58 ಆಯಿತು. ತಾರೀಕು ಅಲ್ಲಾಡಲಿಲ್ಲ. ನಿಮಿಷ ಇವತ್ತಿನದು, ತಾರೀಕು ಹನ್ನೊಂದು ವರ್ಷದ ಹಿಂದಿನದು. ಕೊನೆಯ ಸಾಲಿಗೆ ಹೋಗಿ ಬೆರಳಿಟ್ಟು ಓದಿದಳು. ಇಂಗ್ಲಿಷಿನಲ್ಲಿದ್ದ ಅದರ ಅರ್ಥ ಇಷ್ಟೇ: ತಯಾರಿಸಿದವರ ಸಹಿ ಜಾರಿಗೆ ಬರುವ ದಿನ ಇನ್ನೂ ಬಂದಿಲ್ಲ, ಕೆಲಸ ನಿಲ್ಲಿಸಲಾಗಿದೆ.

ಹೋದ ವರ್ಷ ತಯಾರಾದ ಸಾಫ್ಟ್‌ವೇರು ಇನ್ನೂ ಹುಟ್ಟೇ ಇಲ್ಲವೆಂದು ಈ ಕಂಪ್ಯೂಟರು ತಿಳಿದಿತ್ತು.

ಅವಳು ಲಗ್ನಪತ್ರಿಕೆಗಳ ಫೋಲ್ಡರನ್ನು ತೆರೆದಳು. ನಿನ್ನೆಯದು, ಹೋದ ತಿಂಗಳದ್ದು, ಮೂರು ವರ್ಷದ ಹಿಂದಿನದು, ಎಲ್ಲಕ್ಕೂ ಒಂದೇ ತಾರೀಕು. ನೂರಾರು ಮದುವೆಗಳು, ಎಲ್ಲವೂ 2014ರ ಮಾರ್ಚ್ ಆರು, ಗುರುವಾರ. ತಾರೀಕು ತಾನಾಗಿ ಒಂದೇ ದಿನದ ಮೇಲೆ ಹೀಗೆ ನಿಲ್ಲುವುದಿಲ್ಲ. ಯಾರೋ ದಿನವೂ ನಿಲ್ಲಿಸಬೇಕು. ಆಸ್ಮಾಳ ಕಣ್ಣು ಪರದೆಯ ಬಲಮೂಲೆಗೆ ಹೋಯಿತು. ಎಲ್ಲ ಕಂಪ್ಯೂಟರುಗಳಲ್ಲೂ ಗಡಿಯಾರವಿರುವುದು ಅಲ್ಲೇ. ಅದರ ಮೇಲೆ ಹಸಿರು ಸ್ಟಿಕರು.

ಅವಳು ತಿರುಗಿ ನೋಡಲಿಲ್ಲ. ಕಾರ್ಡು ಮಡಿಸುವ ಸದ್ದು ನಿಂತಿರುವುದು ಬೆನ್ನಿಗೇ ಗೊತ್ತಾಯಿತು.

ಒಂದೂ ಕಾಲಿಗೆ ಖಲಂದರ್ ಸಾಬರು ಟೋಪಿ ಹಾಕಿಕೊಂಡು ಮಧ್ಯಾಹ್ನದ ನಮಾಜಿಗೆ ಎದ್ದರು. "ನಾನು ಬರೋದ್ರಾಗೆ ಪ್ಯಾಕ್ ಮಾಡಿರು ಬೇಟಾ. ಆ ಬಿಳೀ ಥರ್ಮೋಕೋಲು ಮುರೀಬ್ಯಾಡ" ಎಂದು ಹೇಳಿ ಇಳಿದು ಹೋದರು. ಅವರ ಚಪ್ಪಲಿ ಸದ್ದು ರಸ್ತೆಯಲ್ಲಿ ಕರಗುವವರೆಗೂ ಆಸ್ಮಾ ಕಾದಳು.

"ಜಂಪಣ್ಣಾರೆ."

"ಹೂಂ."

"ಇವತ್ತು ಯಾವ ವಾರ?"

ಜಂಪಣ್ಣ ಕನ್ನಡಕ ತೆಗೆದು ಪಂಚೆಯ ತುದಿಯಿಂದ ಒರೆಸಿದರು. ಒರೆಸಿದ್ದನ್ನೇ ಮತ್ತೆ ಒರೆಸಿದರು. "ಹೊರಗೆ ಮಂಗಳವಾರ ತಾಯಿ" ಎಂದರು. ಆಮೇಲೆ ಕುರ್ಚಿ ಎಳೆದುಕೊಂಡು ಅವಳ ಪಕ್ಕ ಕುಳಿತರು.

ಮಾತು ನಿಧಾನವಾಗಿ ಹೊರಬಂತು. ಮೊಳೆ ಅಚ್ಚು ನಿಂತು ಕಂಪ್ಯೂಟರು ಬಂದ ವರ್ಷ ಅದು. ಊರೂರು ತಿರುಗುತ್ತಿದ್ದ ಒಬ್ಬ ಕನ್ನಡ ಅಕ್ಷರದ ಸಿಡಿ ಹಾಕಿಕೊಟ್ಟು, ಮೂವತ್ತು ದಿನ ನಡೆಯುತ್ತದೆ, ಅಷ್ಟರಲ್ಲಿ ಬಂದು ಪೂರ್ತಿ ಮಾಡಿಕೊಡುತ್ತೇನೆ ಎಂದು ಹೋದವನು ಬರಲೇ ಇಲ್ಲ. ಅವನ ಫೋನೂ ಹೋಗಲಿಲ್ಲ.

"ಆ ಮೂವತ್ತು ದಿನದಾಗೆ ನಾನು ಕೀಲಿಮಣೆ ಕಲ್ತಿದ್ದೆ. ನಲವತ್ತೊಂಬತ್ತನೇ ವಯಸ್ಸಿಗೆ. ಮನ್ಯಾಗೆ ರೊಟ್ಟಿ ಕಲ್ಲಿನ ಮ್ಯಾಲೆ ಬೆರಳಾಡಿಸ್ತಿದ್ದೆ ಅಂತ ನಮ್ಮಾಕಿ ನಗ್ತಿದ್ಲು. ಮೂವತ್ತೊಂದನೇ ದಿನ ತೆರೀಲೇ ಇಲ್ಲ. ನಿಮ್ಮ ಮಾವ ಪಾಪ, ಜಂಪಣ್ಣ ಕಲ್ತುಬಿಟ್ಟ ಅಂತ ಪೇಟೆ ತುಂಬ ಹೇಳ್ಕಂಡು ಬಂದಿದ್ರು. ಯಾವ ಬಾಯಾಗೆ ಹೇಳ್ಲಿ? ಅವತ್ತೇ ಕರೆಂಟ್ ಹೋಗಿ ಬಂತು. ಒಳಗಿನ ಸೆಲ್ಲು ವೀಕಾಗಿ ತಾರೀಕು ಹಿಂದಕ್ಕೆ ಜಾರಿತ್ತು. ಒತ್ತಿ ನೋಡಿದ್ರೆ ತೆರಕಂತು! ದೇವ್ರೇ ಮಾಡಿದ ಅಂದ್ಕಂಡೆ. ಸೆಲ್ಲು ಹಾಕಿಸಿದ ಮ್ಯಾಲೆ ದೇವ್ರ ಕೆಲ್ಸ ನಾನೇ ಮಾಡ್ತಾ ಬಂದೆ. ದಿನಾ ಬೆಳಗ್ಗೆ ಬಂದು, ಅವನು ಸಿಡಿ ಹಾಕಿದ ಆ ಗುರುವಾರಕ್ಕೆ ಹಾಕಾದು."

"ದಿನಾನಾ? ಮೂವತ್ತು ದಿನ ನಡೀತಿತ್ತಲ್ಲ, ತಿಂಗಳಿಗೊಂದು ಸಲ ಹಾಕಿದ್ರೂ ಸಾಕಿತ್ತು."

ಜಂಪಣ್ಣ ಅವಳ ಮುಖ ನೋಡಿದರು. ಆ ಲೆಕ್ಕ ಅವರಿಗೆ ಹೊಳೆಯದೆ ಇದ್ದದ್ದೇನಲ್ಲ. "ಅದನ್ನ ಹೆಂಗೆ ನಂಬಾದು ತಾಯಿ? ಒಂದಿನ ಬಿಟ್ಟೆ, ಅವತ್ತೇ ಮುಚ್ಕಂಡ್ರೆ? ಮಗಳು ಬಾಣಂತಿ ಅಂತ ಚನ್ನಗಿರಿಗೆ ಹೋದೋನು ರಾತ್ರಿ ಬಸ್ಸಿಗೇ ತಿರುಗಿ ಬಂದೆ. ಅಳಿಯ ಇವತ್ತಿಗೂ ಅದನ್ನ ಎತ್ತಿ ಆಡ್ತಾನೆ."

"ಮತ್ತೆ ಈ ಸ್ಟಿಕರು?"

ಜಂಪಣ್ಣ ಸ್ಟಿಕರಿನ ಅಂಚನ್ನು ಬೆರಳಿನಿಂದ ಸವರಿದರು. "ತಾರೀಕು ಯಾರ ಕಣ್ಣಿಗೂ ಬೀಳಬಾರ್ದಿತ್ತು. ಬೇರೆ ಏನೇ ಅಂಟಿಸಿದ್ರೂ ಸಾಬ್ರು ಒಂದಿನ ಕಿತ್ತು ಬಿಸಾಕ್ತಿದ್ರು. ಇದನ್ನ ಕೀಳಲ್ಲ ಅಂತ ಗೊತ್ತಿತ್ತು."

ಅದು ಗೊತ್ತಿದ್ದೇ ಅಂಟಿಸಿದ್ದರು. ಆಸ್ಮಾಳಿಗೆ ನಗು ಬಂತು, ಅದರ ಬೆನ್ನಿಗೇ ಸಿಟ್ಟು ಬಂತು. "ಏಳು ದಿನ ನಾನು ಒದ್ದಾಡ್ತಿದ್ದೆ. ನೀವು ಇಲ್ಲೇ ಕೂತು ನೋಡ್ತಿದ್ರಿ."

"ಮೂರನೇ ದಿನಕ್ಕೆ ನಂಗೆ ಅನುಮಾನ ಬಂತು" ಎಂದರು ಜಂಪಣ್ಣ. ಸುಳ್ಳು ಹೇಳಬಹುದಿತ್ತು, ಹೇಳಲಿಲ್ಲ. "ನಿನ್ನ ಕುರ್ಚಿ ಹೋಗ್ತೈತೆ ಅಂತ ಗೊತ್ತಿತ್ತು. ನಂದೂ ಹೋಗ್ತೈತಲ್ಲ ಅಂತ ಸುಮ್ನಿದ್ದೆ. ಈ ಬೆರಳಿಗೆ ಬೇರೆ ಬರಲ್ಲ ತಾಯಿ."

ಗೋಡೆಯ ಗಡಿಯಾರ ಒಂದೂವರೆ ದಾಟಿತ್ತು. ಮುಂದಿನ ಮಾತನ್ನು ಆಸ್ಮಾ ಮನಸ್ಸಿನಲ್ಲಿ ಎರಡು ಸಲ ಜೋಡಿಸಿಕೊಂಡಳು. "ಒಂದು ದಾರಿ ಐತೆ. ಈಗ ಇವತ್ತಿನ ತಾರೀಕು ಹಾಕಿ ಯಂತ್ರದ್ದು ಇಳಿಸಿಕೊಳ್ತೀನಿ. ಆಮೇಲೆ ತಿರುಗಿ ಗುರುವಾರಕ್ಕೇ ಹಾಕಿಬಿಡ್ತೀನಿ. ಅಬ್ಬಾಗೆ ನಾನು ಹೇಳಲ್ಲ."

"ಆಮೇಲೆ?"

"ಆಮೇಲೆ ನೀವು ಹೆಂಗೆ ಮಾಡ್ತಿದ್ರೋ ಹಂಗೇ."

"ದಿನಾ ಬೆಳಗ್ಗೆ."

"ದಿನಾ ಬೆಳಗ್ಗೆ."

ಜಂಪಣ್ಣ ತಮ್ಮ ಕೈಗಳನ್ನು ತೊಡೆಯ ಮೇಲೆ ಅಂಗಾತ ಇಟ್ಟು ನೋಡಿಕೊಂಡರು. ಹೆಬ್ಬೆರಳಿನ ತುದಿಯಲ್ಲಿ ಮೊಳೆ ಹಿಡಿದು ಬಿದ್ದ ಹಳೆಯ ಜಡ್ಡು ಇನ್ನೂ ಹೋಗಿರಲಿಲ್ಲ. "ನಿನ್ನತ್ರ ಕನ್ನಡದ್ದು ಬೇರೆ ಐತೇನು? ಮೂವತ್ತು ದಿನದ್ದಲ್ಲ, ಪೂರ್ತೀದು?"

"ಐತೆ. ಪುಕ್ಕಟೆ ಸಿಗೋದೇ. ಒಂದಷ್ಟು ಅಕ್ಷರ ಮಾತ್ರ ಬೇರೆ ಕೀಲಿ ಮೇಲೆ ಬರ್ತಾವೆ. ನಾನು ಕಾಗದದ ಮೇಲೆ ಬರ್ಕೊಡ್ತೀನಿ."

"ಎಷ್ಟು ಅಕ್ಷರ?"

"ಒಂಬತ್ತು."

"ಒಂಬತ್ತೇನಾ?" ಜಂಪಣ್ಣ ತಲೆಯಾಡಿಸಿದರು. "ಎದ್ದೇಳು, ಎದ್ದೇಳು. ಮೊದ್ಲು ಉಬ್ರಾಣೀದು ಮುಗಿಸ್ತೀನಿ. ಅವರ ಮದ್ವೆ ಯಾಕೆ ನಮ್ಮ ಪಂಚಾಯ್ತಿನಾಗೆ ಸಿಕ್ಕಂಬೇಕು?"

ಅವಳು ಎದ್ದು ಜಾಗ ಕೊಟ್ಟಳು. ಉಳಿದ ನಾಲ್ಕು ಸಾಲು ಹೊಡೆಯಲು ಅವರಿಗೆ ಎರಡು ನಿಮಿಷವೂ ಹಿಡಿಯಲಿಲ್ಲ. ಕಣ್ಣು ಗಾಜಿನ ಮೇಲೆ, ಬೆರಳುಗಳು ತಮ್ಮ ಪಾಡಿಗೆ ತಾವು ಓಡುತ್ತಿದ್ದವು. ತಮ್ಮ ಸುಖಾಗಮನವನ್ನು ಬಯಸುವವರು, ಎಂಬಲ್ಲಿಗೆ ಬಂದು ಒಂದು ಗಳಿಗೆ ತಡೆದು, ಕೊನೆಯ ಚುಕ್ಕಿ ಇಟ್ಟರು. ಪ್ರಿಂಟರು ಹಾಳೆ ಉಗುಳಿತು. ಹಾಳೆಯನ್ನು ಬೆಳಕಿಗೆ ಹಿಡಿದು ಪೂರ್ತಿ ಓದಿ, ತಪ್ಪಿಲ್ಲವೆಂದು ಖಾತ್ರಿ ಮಾಡಿಕೊಂಡು ಮೇಜಿನ ಮೇಲಿಟ್ಟರು.

ಆಮೇಲೆ ಹೆಬ್ಬೆರಳಿನ ಉಗುರನ್ನು ಸ್ಟಿಕರಿನ ತುದಿಗೆ ಕೊಟ್ಟರು. ಹನ್ನೊಂದು ವರ್ಷದ ಅಂಟು ಸುಲಭಕ್ಕೆ ಬಿಡಲಿಲ್ಲ. ಹರಿಯದ ಹಾಗೆ, ಗಾಯದ ಮೇಲಿನ ಬಟ್ಟೆ ಬಿಡಿಸುವಷ್ಟು ನಿಧಾನವಾಗಿ ಬಿಡಿಸಿದರು. ಅಡಿಯಲ್ಲಿ ಗಡಿಯಾರ ನಡೆಯುತ್ತಲೇ ಇತ್ತು. "ಹಾಕು ತಾಯಿ" ಎಂದರು.

ಆಸ್ಮಾ ತಾರೀಕು ಬದಲಿಸಿದಳು. ಹದಿನಾರು ಎಂದು ನೋಟುಬುಕ್ಕಿನಲ್ಲಿ ಬರೆದು ಒತ್ತಿದಳು. ನೀಲಿ ಬಳೆ ಒಂದು ಸುತ್ತು ತಿರುಗಿತು. ಎರಡು ಸುತ್ತು. ಮಾಯವಾಗುವ ಹೊತ್ತಿಗೆ ಸರಿಯಾಗಿ ಪರದೆಯ ನಡುವೆ ಬಿಳಿಯ ಚೌಕವೊಂದು ತೆರೆದುಕೊಂಡು, ಹಸಿರು ಗೆರೆ ಎಡದಿಂದ ಬಲಕ್ಕೆ ತುಂಬತೊಡಗಿತು. ಅದು ತುಂಬಿ ಮುಗಿದಾಗ ಹಿಂದಿನ ಮೇಜಿನ ಮೇಲೆ ಯಂತ್ರ ಒಮ್ಮೆ ಗುರ್ ಎಂದು, ತನ್ನ ಕತ್ತಿಯನ್ನು ಆ ತುದಿಯಿಂದ ಈ ತುದಿಗೆ ಓಡಿಸಿ ಸುಮ್ಮನಾಯಿತು.

ಖಲಂದರ್ ಸಾಬರು ಬಂದಾಗ ಯಂತ್ರದ ಬಾಯಿಂದ ಕೆಂಪು ಕಾಗದದ ಜಾಲರಿಯೊಂದು ಇಂಚಿಂಚೇ ಹೊರಗೆ ಬರುತ್ತಿತ್ತು. "ಅರೆರೆ!" ಎಂದು ಬಾಗಿಲಲ್ಲೇ ನಿಂತರು. ಹತ್ತಿರ ಬಂದು ಕಾಗದವನ್ನು ಎತ್ತಿ, ತೂತುಗಳ ಮೂಲಕ ಬೀದಿಯನ್ನು ನೋಡಿದರು. ಸೊಸೆಯ ಕಡೆ ತಿರುಗಿ ಏನೋ ಹೇಳಲು ಹೊರಟವರ ಕಣ್ಣು ಪರದೆಯ ಮೂಲೆಗೆ ಬಿತ್ತು.

"ಅದನ್ನ ಯಾರು ಕಿತ್ತಿದ್ದು?"

ಆಸ್ಮಾ ಬಾಯಿ ತೆರೆಯುವ ಮೊದಲೇ ಜಂಪಣ್ಣ ಎದ್ದು ನಿಂತಿದ್ದರು. "ನಾನೇ ಸಾಬ್ರೆ. ಅಂಟಿಸಿದೋನು ನಾನೇ, ಕಿತ್ತೋನೂ ನಾನೇ. ಯಾಕೆ ಅಂಟಿಸಿದ್ದೆ ಅಂತ ಕೇಳ್ರಿ." ಸಾಬರು ಕೇಳುವವರೆಗೆ ಕಾಯದೆ ಎಲ್ಲವನ್ನೂ ಹೇಳಿದರು. ಸಿಡಿಯವನಿಂದ ಹಿಡಿದು ಮೂರನೇ ದಿನದ ಅನುಮಾನದವರೆಗೆ, ಯಾವುದನ್ನೂ ಬಿಡಲಿಲ್ಲ.

ಖಲಂದರ್ ಸಾಬರು ಟೋಪಿ ತೆಗೆದು ಮಡಿಸಿ ಜೇಬಿಗಿಟ್ಟುಕೊಂಡರು. ಮುಖ ಸಣ್ಣದಾಗಿತ್ತು. "ಊರೆಲ್ಲ ಹೇಳ್ಕಂಡು ತಿರುಗಿದೀನಲ್ಲೋ" ಎಂದರು. "ಈಗಷ್ಟೇ, ನಮಾಜಾಗಿ ಬರ್ತಾ, ಹೊಸ ಇಮಾಮ್ ಸಾಹೇಬ್ರಿಗೂ ಹೇಳಿ ಬಂದೆ."

ಹೊರಗೆ ಖಲೀಲನ ಆಟೋ ಬಂದು ನಿಂತು ಎರಡು ಸಲ ಹಾರ್ನ್ ಹೊಡೆಯಿತು. ಆಸ್ಮಾ ಥರ್ಮೋಕೋಲಿನ ತುಂಡುಗಳ ಕಡೆ ನೋಡಿದಳು. ಒಂದನ್ನೂ ಅವಳು ಮುಟ್ಟಿರಲಿಲ್ಲ.

"ಎಲ್ಲೈತೆ ಅದು?" ಎಂದರು ಖಲಂದರ್ ಸಾಬರು.

ಜಂಪಣ್ಣ ಅಂಗೈ ಬಿಚ್ಚಿ ಸ್ಟಿಕರನ್ನು ಚಾಚಿದರು. ಸಾಬರು ಅದನ್ನು ತೆಗೆದುಕೊಂಡು ತಿರುಗಿಸಿ ನೋಡಿದರು. ಹಿಂಭಾಗದ ಅಂಟು ಒಣಗಿ ಪುಡಿಯಾಗಿತ್ತು. ಮೇಜಿನ ಮೇಲಿದ್ದ ಗೋಂದಿನ ಡಬ್ಬಿ ಎಳೆದುಕೊಂಡು, ಕುಂಚ ಅದ್ದಿ, ನಾಲ್ಕೂ ಅಂಚಿಗೆ ತೆಳ್ಳಗೆ ಬಳಿದರು. ಐವತ್ತು ವರ್ಷದ ಕಸುಬಿನ ಕೈ. ಒಂದು ಹನಿಯೂ ಆಚೆ ಹೋಗಲಿಲ್ಲ. ಯಂತ್ರದ ಮುಚ್ಚಳದ ನಟ್ಟ ನಡುವೆ ಸ್ಟಿಕರನ್ನಿಟ್ಟು ಹೆಬ್ಬೆರಳಿನಿಂದ ಒತ್ತಿ ಹಿಡಿದರು.

"ಜಂಪಣ್ಣ."

"ಸಾಬ್ರೆ."

"ಆ ಕಡೆ ತುದಿ ಒತ್ತಿ ಹಿಡ್ಕ. ಮೇಲೆದ್ದೀತು." ಹಾಗೆಂದು ಬಾಗಿಲ ಕಡೆ ಮುಖ ಮಾಡಿ ಕೂಗಿದರು, "ಏ ಖಲೀಲ್, ಖಾಲಿ ಹೋಗಪ್ಪ. ಇಲ್ಲಿಂದ ಏನೂ ಇಲ್ಲ."

ಸಂಜೆಯವರೆಗೆ ಜಂಪಣ್ಣ ಹೊಸ ಅಕ್ಷರಗಳೊಂದಿಗೆ ಗುದ್ದಾಡಿದರು. ಒಂದು ಸಾಲಿಗೆ ಕಾಲು ಗಂಟೆ. ವರನ ಹೆಸರು ತಪ್ಪಿತು, ವಧುವಿನ ಊರು ತಪ್ಪಿತು. "ನಿಧಾನಪ್ಪ, ಹೆಣ್ಣು ಗಂಡು ಅದಲು ಬದಲು ಮಾಡಿಬಿಟ್ಟೀಯ" ಎಂದು ಸಾಬರು ಗಲ್ಲಾಪೆಟ್ಟಿಗೆಯ ಹಿಂದಿನಿಂದ ಒಮ್ಮೆ ಕುಟುಕಿದರು. ಅದು ಆ ಮಧ್ಯಾಹ್ನದ ನಂತರ ಅವರು ಜಂಪಣ್ಣನಿಗೆ ಆಡಿದ ಮೊದಲ ಮಾತು. ಜಂಪಣ್ಣ ಆಸ್ಮಾ ಬರೆದುಕೊಟ್ಟ ಒಂಬತ್ತು ಅಕ್ಷರದ ಚೀಟಿಯನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು ಊರಿಗೆ ಹೋದರು.

ಮರುದಿನ ಆಸ್ಮಾ ಎಂಟೂ ಕಾಲಿಗೇ ಅಂಗಡಿಗೆ ಬಂದಳು. ರಾತ್ರಿಯೆಲ್ಲ ಅವಳಿಗೆ ಒಂದೇ ಯೋಚನೆ: ಜಂಪಣ್ಣ ಬರದೇ ಹೋದರೆ? ಷಟರ್ ಆಗಲೇ ಮೇಲಿತ್ತು. ಒಳಗೆ ಟ್ಯೂಬ್‌ಲೈಟು ಉರಿಯುತ್ತಿತ್ತು. ಸೀಮೆಎಣ್ಣೆಯ ವಾಸನೆ. ಜಂಪಣ್ಣ ಕಂಪ್ಯೂಟರಿನ ಮುಂದೆ ಕುಳಿತು, ಮಸಿ ಒರೆಸುವ ಬಟ್ಟೆಯಿಂದ ಪರದೆಯ ಮೂಲೆಯಲ್ಲಿ ಉಳಿದ ಅಂಟನ್ನು ತಿಕ್ಕುತ್ತಿದ್ದರು. ಸ್ಟಿಕರು ಇದ್ದಷ್ಟು ಜಾಗ ಉಳಿದ ಗಾಜಿಗಿಂತ ಹೊಸದಾಗಿ ಹೊಳೆಯುತ್ತಿತ್ತು.

"ಇನ್ನು ಇಷ್ಟು ಬೇಗ ಬರಬೇಕಾಗಿಲ್ಲ ಜಂಪಣ್ಣಾರೆ."

"ಗೊತ್ತೈತೆ ತಾಯಿ." ಅವರು ಬಟ್ಟೆಯನ್ನು ಪಕ್ಕಕ್ಕೆ ಸರಿಸಿ ಅವಳಿಗೆ ಕಾಣುವಂತೆ ಬಾಗಿದರು. ಅಲ್ಲಿ ಬುಧವಾರ ಇತ್ತು. "ನಾನು ಮುಟ್ಟಿಲ್ಲ. ಬಂದು ಹಚ್ಚಿದೆ ಅಷ್ಟೇ. ತಾನೇ ಬದಲಾಗೈತೆ ನೋಡು."

ಇಬ್ಬರೂ ನೋಡುತ್ತಿರುವಂತೆಯೇ ಎಂಟು ಹತ್ತೊಂಬತ್ತು ಇದ್ದದ್ದು ಇಪ್ಪತ್ತಾಯಿತು. ಜಂಪಣ್ಣ ಬಟ್ಟೆ ಹಿಡಿದ ಕೈಯನ್ನು ಹಾಗೇ ನಿಲ್ಲಿಸಿ, ಇಪ್ಪತ್ತೊಂದಕ್ಕೆ ಕಾದರು.